ಜುಲೈ 4ರ ಹೊಗೆಯೂಟ

ಕೇಳುಗರಿಗೆ ನಮಸ್ಕಾರ.

ನಾರ್ತ್ ಕೆರೊಲಿನಾದಲ್ಲಿ ನಾನು ಕೆಲವು ವರ್ಷ ಇದ್ದೆ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ ಬಂತೆಂದರೆ ಅಲ್ಲಿ ಹಿತ್ತಲುಗಳಲ್ಲೆಲ್ಲ ಹೊಗೆ. ಒಂದು ವರ್ಷ ನಾನೂ 12 ಜನರನ್ನು ಊಟಕ್ಕೆ ಕರೆದೆ. ಬಾರ್ಬೆಕ್ಯೂ ನಾನೇ ಮಾಡುತ್ತೇನೆ ಅಂತ ಜಂಬ ಬೇರೆ.

ನಾವು ಕೆಂಡದ ಮೇಲೆ ಚಿಕನ್ ಸುಟ್ಟರೂ ಬಾರ್ಬೆಕ್ಯೂ ಅಂತೀವಿ. ಅಲ್ಲಿ ಹಾಗೆ ಹೇಳಿ ನೋಡಿ, ಅದು ಗ್ರಿಲ್ ಅಷ್ಟೇ ಅಂತ ತಿದ್ದುತ್ತಾರೆ. ಅವರಿಗೆ ಬಾರ್ಬೆಕ್ಯೂ ಅಂದರೆ ಹಿಕರಿ ಅಥವಾ ಓಕ್ ಕಟ್ಟಿಗೆಯ ಹೊಗೆಯಲ್ಲಿ, ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೆಂದ ಹಂದಿಮಾಂಸ. ರಾಜ್ಯದ ಪೂರ್ವದವರು ಅದಕ್ಕೆ ವಿನಿಗರ್ ಮತ್ತು ಮೆಣಸಿನಕಾಯಿಯ ತೆಳು ಸಾಸ್ ಹಾಕುತ್ತಾರೆ. ಅದೇ ರಾಜ್ಯದ ಲೆಕ್ಸಿಂಗ್ಟನ್ ಊರಿನ ಕಡೆಯವರು ಅದಕ್ಕೇ ಸ್ವಲ್ಪ ಕೆಚಪ್ ಬೆರೆಸುತ್ತಾರೆ. ಪಕ್ಕದ ಸೌತ್ ಕೆರೊಲಿನಾದಲ್ಲಿ ಸಾಸಿವೆ ಸಾಸ್. ಸಾರಿಗೆ ಬೆಲ್ಲ ಬೇಕೋ ಬೇಡವೋ ಅಂತ ನಮ್ಮಲ್ಲಿ ಜಗಳ ಇಲ್ವಾ, ಹಾಗೇ.

ನಾನು ತಂದದ್ದು ಮೂರೂವರೆ ಕೆಜಿಯ ಭುಜದ ತುಂಡು. ಬೆಳಿಗ್ಗೆ 7ಕ್ಕೆ ಹೊಗೆಗೆ ಇಟ್ಟೆ, ಕಾವು 110 ಡಿಗ್ರಿ ಸೆಲ್ಸಿಯಸ್. ಊಟ ಮಧ್ಯಾಹ್ನ 1ಕ್ಕೆ ಅಂದಿದ್ದೆ. ಮಾಂಸದ ಒಳಗಿನ ಕಾವು 70 ಡಿಗ್ರಿಗೆ ಬಂತು, ಅಲ್ಲೇ ನಿಂತಿತು. ಎರಡು ಗಂಟೆ ಕಳೆದರೂ ಮುಳ್ಳು ಕದಲಲಿಲ್ಲ. ಥರ್ಮಾಮೀಟರ್ ಕೆಟ್ಟಿದೆ ಅಂತ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದೆ. ಪಕ್ಕದ ಮನೆಯ ಅಜ್ಜ ಬೇಲಿ ಆಚೆಯಿಂದ ನಕ್ಕರು. "ಅದು ಬೆವರುತ್ತಿದೆ, ಬಿಡು" ಅಂದರು. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೋ, ಇದೂ ಹಾಗೇ. ಮೇಲಿನ ತೇವ ಆವಿಯಾಗುತ್ತಾ ಕಾವನ್ನು ತಿಂದುಹಾಕುತ್ತದೆ. ಮಾಂಸ ಎಳೆ ಎಳೆಯಾಗಿ ಬಿಡಬೇಕಾದರೆ 95 ಡಿಗ್ರಿ ಮುಟ್ಟಬೇಕು. ನಮ್ಮ ಊಟ ರಾತ್ರಿ 8ಕ್ಕೆ ಆಯಿತು. ಅಲ್ಲಿವರೆಗೂ ಬಂದವರು ತಿಂದದ್ದು ಬೇಯಿಸಿದ ಕಡ್ಲೆಕಾಯಿ. ಹೌದು, ಅಲ್ಲಿನ ರಸ್ತೆಬದಿಯಲ್ಲೂ ಅದನ್ನು ಮಾರುತ್ತಾರೆ!

ಮರುವರ್ಷ ಹಿಂದಿನ ರಾತ್ರಿಯೇ ಬೆಂಕಿ ಹಾಕಿದೆ. ಬೇಗ ಬೆಂದರೆ ತೊಂದರೆ ಇಲ್ಲ. ಫಾಯಿಲ್ ಸುತ್ತಿ, ಟವೆಲ್ ಹೊದಿಸಿ, ಖಾಲಿ ಐಸ್ ಪೆಟ್ಟಿಗೆಯಲ್ಲಿ ಇಟ್ಟರೆ ಮೂರ್ನಾಲ್ಕು ಗಂಟೆ ಬಿಸಿ ಇರುತ್ತದೆ.

ಜೊತೆಗೆ ಏನು? ಮಾಂಸದಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಹುಳಿ ಮತ್ತು ತಣ್ಣನೆಯದು ಬೇಕು. ನಾನು ವಿನಿಗರ್ ಹಾಕಿದ ಎಲೆಕೋಸಿನ ಹಸಿ ಸಲಾಡ್, ಕೋಲ್‌ಸ್ಲಾವನ್ನೇ ಆರಿಸಿದೆ. ಮೇಯನೇಸ್ ಹಾಕಿದ್ದನ್ನು ಆ ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಅಂತೂ ಇರಲೇಬೇಕು.

ನಮ್ಮ ಸಸ್ಯಾಹಾರಿಗಳು ಬಂದರೆ ಸ್ವಲ್ಪ ಎಚ್ಚರ. ಕೊಲಾರ್ಡ್ ಸೊಪ್ಪು ನೋಡಲು ಬರೀ ಸೊಪ್ಪು, ಆದರೆ ಅದನ್ನು ಬೇಯಿಸುವಾಗ ಹೊಗೆಯಾಡಿಸಿದ ಹಂದಿ ಮೂಳೆ ಹಾಕುವುದು ವಾಡಿಕೆ. ಬೀನ್ಸ್‌ನಲ್ಲಿ ಬೇಕನ್, ಅಂದರೆ ಹಂದಿಮಾಂಸದ ಚೂರು ಇರಬಹುದು. ನಾನು ಅಲಸಂದೆಗೆ ಬೇರೆ ಪಾತ್ರೆ ಇಟ್ಟೆ. ಬೆಂಡೆಕಾಯಿಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಬೇರೆ ಎಣ್ಣೆಯಲ್ಲಿ ಕರಿದೆ. ಅಲಸಂದೆ, ಬೆಂಡೆಕಾಯಿ ಎರಡೂ ಆಫ್ರಿಕಾದಿಂದ, ಗುಲಾಮರನ್ನು ಹೊತ್ತು ತಂದ ಕಾಲದಲ್ಲಿ ಅಲ್ಲಿಗೆ ಬಂದವು. ಆಗ ರಾತ್ರಿಯೆಲ್ಲ ನೆಲದಲ್ಲಿ ತೋಡಿದ ಗುಂಡಿಯ ಬೆಂಕಿ ಕಾದು ಮಾಂಸ ಬೇಯಿಸಿದ ಕೈಗಳೂ ಹೆಚ್ಚಾಗಿ ಅವರದೇ. ಮೈಸೂರಿನ ಗೆಳತಿಯೊಬ್ಬಳು ಒಂದು ಬೆಂಡೆಕಾಯಿ ಬಾಯಿಗೆ ಹಾಕಿಕೊಂಡು, "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು. ತಟ್ಟೆ ಮಾತ್ರ ಮತ್ತೆ ಚಾಚಿದಳು.