ಸಪೋಟದ ಸೊನೆ, ನಾಹುವಾ ಜನರ ಮಾತು

ಕೇಳುಗರಿಗೆ ನಮಸ್ಕಾರ.

ಸಪೋಟ ಕಾಯಿ ಕಿತ್ತ ಕೈ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ತೊಟ್ಟು ಮುರಿದ ಕೂಡಲೇ ಬೆಳ್ಳಗಿನ ಸೊನೆ ಜಿನುಗುತ್ತದೆ. ಬೆರಳಿಗೆ ಮೆತ್ತಿಕೊಂಡರೆ ಸೋಪಿಗೆ ಬಗ್ಗುವುದಿಲ್ಲ, ಎಣ್ಣೆ ಹಚ್ಚಿ ಉಜ್ಜಬೇಕು. ಈ ಅಂಟಿಗೆ ಮೆಕ್ಸಿಕೋ ದೇಶದ ನಾಹುವಾ ಜನ 'ತ್ಸಿಕ್ತ್ಲಿ' ಅನ್ನುತ್ತಿದ್ದರು, ಅದನ್ನು ಬಾಯಲ್ಲಿ ಹಾಕಿಕೊಂಡು ಅಗಿಯುತ್ತಿದ್ದರು. ಚೂಯಿಂಗ್ ಗಮ್‌ನ ಮೂಲ ಅದೇ. ಹಣ್ಣಿಗೆ ಅವರ ಹೆಸರು 'ತ್ಸಪೊತ್ಲ್'. ಸ್ಪೇನಿನವರ ಬಾಯಲ್ಲಿ ಅದು ಸಪೋತೆ ಆಯಿತು, ನಮ್ಮ ಬಾಯಲ್ಲಿ ಸಪೋಟ. ಉತ್ತರ ಕರ್ನಾಟಕದವರು ಚಿಕ್ಕು ಅಂತೀರಲ್ಲ, ಅದೂ ಇದೇ ಹಣ್ಣಿನ 'ಚಿಕೊಸಪೋತೆ' ಅನ್ನುವ ಉದ್ದ ಹೆಸರಿನ ಮೊದಲ ತುಂಡು. ಒಂದೇ ಹೆಸರನ್ನು ನಾವು ನಾವೇ ಹಂಚಿಕೊಂಡಿದ್ದೇವೆ!

ಟೊಮೆಟೊ, ಚಾಕೊಲೇಟ್, ಅವಕಾಡೊ ಕೂಡ ಆ ಜನರ ಮಾತಿನಿಂದಲೇ ಬಂದವು. ಬೆಂಗಳೂರು ಕಡೆ ಸಾಂಬಾರಿಗೆ ಹಾಕುವ ಸೀಮೆ ಬದನೆಕಾಯಿ ಅವರ 'ಚಾಯೊತ್ಲಿ'. ಇನ್ನು ಮೆಣಸಿನಕಾಯಿ. ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತರುವವರೆಗೆ ನಮ್ಮ ಅಡುಗೆಗೆ ಕಾಳುಮೆಣಸು, ಹಿಪ್ಪಲಿ, ಶುಂಠಿಯೇ ಖಾರ. ನಾಹುವಾ ಜನರಿಗೆ ಅದು 'ಚಿಲ್ಲಿ'. ಹೌದು, ಇಂಗ್ಲಿಷಿನ ಚಿಲ್ಲಿ ಅಲ್ಲಿಂದಲೇ ಬಂದದ್ದು.

ನಮ್ಮ ಒಲೆಯವರೆಗೆ ಬಂದಿರುವ ಈ ಜನರ ಬಗ್ಗೆ ನಮಗೆ ಗೊತ್ತಿರುವುದು ತುಂಬಾ ಕಡಿಮೆ. ಪುಸ್ತಕಗಳಲ್ಲಿ ಇವರನ್ನು ಆಜ್ಟೆಕ್ ಅನ್ನುತ್ತಾರೆ. ಆಜ್ಟೆಕ್ ಅಂದರೆ ಪಿರಮಿಡ್, ನರಬಲಿ, ಆಮೇಲೆ ನಾಶ, ಅಷ್ಟೇ. ಬಲಿ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಥೆ ಅಲ್ಲಿಗೇ ನಿಂತರೆ ಆ ಜನರಿಗೆ ದೊಡ್ಡ ಅನ್ಯಾಯ.

ಅವರ ಭಾಷೆಯ ಹೆಸರು ನಾಹುವಾತ್ಲ್. ಕಿವಿಗೆ ಸ್ಪಷ್ಟವಾಗಿ, ಇಂಪಾಗಿ ಕೇಳುವಂಥದ್ದು ಅಂತ ಅರ್ಥ. ಅದನ್ನಾಡುವವರಲ್ಲಿ ಹಲವು ಊರು, ಹಲವು ರಾಜ್ಯಗಳಿದ್ದವು. ಅವರಲ್ಲಿ ಮೆಶಿಕಾ ಅನ್ನುವ ಒಂದು ಗುಂಪು 1325ರ ಸುಮಾರಿಗೆ ತೆಶ್ಕೊಕೊ ಸರೋವರದ ನಡುಗಡ್ಡೆಯಲ್ಲಿ ಊರು ಕಟ್ಟಿತು. ಕಲ್ಲಿನ ಮೇಲೆ ಬೆಳೆದ ಪಾಪಸುಕಳ್ಳಿಯ ಮೇಲೆ ಹದ್ದು ಕೂತದ್ದನ್ನು ಕಂಡು ಅಲ್ಲೇ ನೆಲೆ ನಿಂತರು ಅಂತ ಅವರ ಐತಿಹ್ಯ. ಊರಿನ ಹೆಸರು ತೆನೊಚ್ತಿತ್ಲಾನ್. 'ತೆತ್ಲ್' ಅಂದರೆ ಕಲ್ಲು, 'ನೊಚ್ತ್ಲಿ' ಅಂದರೆ ಪಾಪಸುಕಳ್ಳಿಯ ಹಣ್ಣು. ಹದ್ದು, ಕಳ್ಳಿ ಎರಡೂ ಇವತ್ತು ಮೆಕ್ಸಿಕೋದ ಬಾವುಟದ ಮೇಲಿವೆ.

ಸುತ್ತ ನೀರು, ಉಳುವ ನೆಲ ಕಡಿಮೆ. ಅದಕ್ಕೆ ಈ ಕಡೆಯ ಜನ ನೀರಲ್ಲೇ ಹೊಲ ಮಾಡುತ್ತಿದ್ದರು. ಕಡಿಮೆ ಆಳದ ಕಡೆ ಗೂಟ ನೆಟ್ಟು, ಕೆರೆಯ ಕೆಸರು ಮತ್ತು ಜೊಂಡು ಪದರ ಪದರವಾಗಿ ಒಟ್ಟಿ, ಅಂಚು ಕುಸಿಯದ ಹಾಗೆ ಮರ ಬೆಳೆಸುತ್ತಿದ್ದರು. ಇದಕ್ಕೆ ಚಿನಾಂಪಾ ಅಂತ ಹೆಸರು. ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಶೊಚಿಮಿಲ್ಕೊದಲ್ಲಿ ಈ ಹೊಲಗಳು ಇನ್ನೂ ಇವೆ. ಸಸಿ ಮಾಡುವ ರೀತಿ ಕೇಳಿ. ದೋಣಿಯಲ್ಲಿ ಹೋಗಿ ತಳದ ಕೆಸರು ಎತ್ತಿ ತಂದು, ಅಂಗೈ ದಪ್ಪ ಹರಡಿ, ಸ್ವಲ್ಪ ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ಬರ್ಫಿ ಕತ್ತರಿಸಿದ ಹಾಗೆ ಚೌಕ ಚೌಕ ಕೊಯ್ದು, ಪ್ರತಿ ಚೌಕಕ್ಕೆ ಒಂದು ಕುಳಿ, ಒಂದು ಬೀಜ. ಸಸಿ ಎದ್ದ ಮೇಲೆ ಬೇರಿಗೆ ಏಟಾಗದ ಹಾಗೆ ಚೌಕದ ಸಮೇತ ಎತ್ತಿ ನೆಡುತ್ತಾರೆ.

1519ರಲ್ಲಿ ಸ್ಪೇನಿನ ಕೊರ್ತೆಸ್ ಬಂದ. ಕೆಲವು ನೂರು ಜನ ಒಂದು ಸಾಮ್ರಾಜ್ಯ ಗೆದ್ದರು ಅಂತ ಓದಿರುತ್ತೀರಿ. ಹಾಗಲ್ಲ. ಅವನ ಜೊತೆ ತ್ಲಾಶ್ಕಾಲಾದ ಸಾವಿರಾರು ಯೋಧರಿದ್ದರು. ಅವರೂ ನಾಹುವಾತ್ಲ್ ಮಾತಾಡುವವರೇ, ಮೆಶಿಕಾಗಳ ಹಳೆಯ ಹಗೆಗಳು. 1520ರಲ್ಲಿ ಸಿಡುಬು ಊರೊಳಗೆ ನುಗ್ಗಿತು. ಮರುವರ್ಷ ಸುಮಾರು ಎರಡೂವರೆ ತಿಂಗಳ ಮುತ್ತಿಗೆ, ಹಸಿವು. 1521ರ ಆಗಸ್ಟ್ 13ಕ್ಕೆ ತೆನೊಚ್ತಿತ್ಲಾನ್ ಬಿತ್ತು.

ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಆಮೇಲೆ ನಡೆದದ್ದರ ಮೇಲೆ. 1536ರಲ್ಲಿ ತೆನೊಚ್ತಿತ್ಲಾನ್ ಪಕ್ಕದ ತ್ಲಾತೆಲೊಲ್ಕೊದಲ್ಲಿ ಪಾದ್ರಿಗಳು ಒಂದು ವಿದ್ಯಾಲಯ ತೆರೆದರು. ನಾಹುವಾ ಮನೆತನಗಳ ಹುಡುಗರು ಅಲ್ಲಿ ಸ್ಪ್ಯಾನಿಷ್, ಲ್ಯಾಟಿನ್ ಕಲಿತರು, ತಮ್ಮ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯಲು ಕಲಿತರು. ಬೆರ್ನಾರ್ದಿನೊ ದೆ ಸಹಗೂನ್ ಎಂಬ ಪಾದ್ರಿ ಇವರನ್ನು ಜೊತೆಗಿಟ್ಟುಕೊಂಡು ಊರ ಹಿರಿಯರನ್ನು ಕೂರಿಸಿ ಕೇಳತೊಡಗಿದರು. ನಿಮ್ಮ ದೇವರು ಯಾರು, ಹಬ್ಬ ಯಾವುದು, ಯಾವ ಗಿಡ ಯಾವ ಕಾಯಿಲೆಗೆ, ಸಂತೆಯಲ್ಲಿ ಏನೇನು ಮಾರುತ್ತೀರಿ. ಹತ್ತಾರು ವರ್ಷದ ಈ ಕೆಲಸ 12 ಭಾಗಗಳ ದೊಡ್ಡ ಪುಸ್ತಕವಾಯಿತು. ಪುಟದ ಬಲಕ್ಕೆ ನಾಹುವಾತ್ಲ್, ಎಡಕ್ಕೆ ಸ್ಪ್ಯಾನಿಷ್, ನಡುನಡುವೆ ಸುಮಾರು 2,500 ಚಿತ್ರಗಳು. ಅದೀಗ ಇಟಲಿಯ ಫ್ಲಾರೆನ್ಸ್‌ನ ಗ್ರಂಥಾಲಯದಲ್ಲಿದೆ. ಸಹಗೂನ್ ಹೆಸರು ಎಲ್ಲರೂ ಹೇಳುತ್ತಾರೆ. ಬರೆದ ನಾಹುವಾ ವಿದ್ವಾಂಸರ ಹೆಸರೂ ನಮಗೆ ಗೊತ್ತಿದೆ, ಹೇಳಲೇಬೇಕು: ಆಂತೊನಿಯೊ ವಲೆರಿಯಾನೊ, ಮಾರ್ತಿನ್ ಹಕೊಬಿತಾ, ಆಲೊನ್ಸೊ ವೆಹೆರಾನೊ, ಪೆದ್ರೊ ದೆ ಸಾನ್ ಬುಯೆನಾವೆಂತುರಾ.

ಆ ಪುಸ್ತಕದ ಹತ್ತನೇ ಭಾಗದಲ್ಲಿ ಟೊಮೆಟೊ ಮಾರುವವರು ಬರುತ್ತಾರೆ. ಒಳ್ಳೆಯ ವ್ಯಾಪಾರಿಯ ಹತ್ತಿರ ದಪ್ಪದ್ದು, ಸಣ್ಣದ್ದು, ಸಿಹಿಯದು, ತರತರದ ಹಣ್ಣು. ಕೆಟ್ಟ ವ್ಯಾಪಾರಿ ಕೊಳೆತದ್ದನ್ನು, ಜಜ್ಜಿಹೋದದ್ದನ್ನು, ತಿಂದರೆ ಹೊಟ್ಟೆ ಕೆಡಿಸುವುದನ್ನು ಮಾರುತ್ತಾನೆ. ನಾಲ್ಕೂವರೆ ಶತಮಾನದ ಹಿಂದೆ, ಊರು ಹಾಳಾಗಿ, ರಾಜರು ಹೋಗಿ, ಜನ ಸಾಯುತ್ತಿರುವಾಗ ಯಾರೋ ಕೂತು ಇದನ್ನು ಬಿಡದೆ ಬರೆದಿದ್ದಾರೆ. ನಮ್ಮ ಸಂತೆಯಲ್ಲಿ ಹಣ್ಣು ಒತ್ತಿ ನೋಡುವಾಗ ನನಗೆ ಆ ಪುಟ ನೆನಪಾಗುತ್ತದೆ.

ಆರನೇ ಭಾಗದಲ್ಲಿ ಹಿರಿಯರ ಮಾತುಗಳಿವೆ. ಅಪ್ಪ ಮಗಳಿಗೆ ಬುದ್ಧಿ ಹೇಳುವುದು, ಸೂಲಗಿತ್ತಿ ಆಗಷ್ಟೇ ಹುಟ್ಟಿದ ಕೂಸನ್ನು ಮಾತಾಡಿಸುವುದು. ಹೆತ್ತವರು ಮಗುವನ್ನು ಕರೆಯುವುದು 'ನನ್ನ ಕಂಠೀಹಾರವೇ, ನನ್ನ ಕೆತ್ಸಾಲ್ ಗರಿಯೇ' ಅಂತ. ಕೆತ್ಸಾಲ್ ಅಂದರೆ ಹಸಿರು ಗರಿಯ ಒಂದು ಹಕ್ಕಿ, ಅವರಿಗೆ ಆ ಗರಿಗಿಂತ ಬೆಲೆಯ ವಸ್ತು ಕಡಿಮೆ. ನಮ್ಮ ಅಜ್ಜಿಯಂದಿರು 'ನನ್ನ ಬಂಗಾರ, ನನ್ನ ಮುತ್ತು' ಅಂತಾರಲ್ಲ, ಹಾಗೆ.

1576ರಲ್ಲಿ ಮತ್ತೊಂದು ಭೀಕರ ಪಿಡುಗು ಬಂತು. ಪುಸ್ತಕ ಆಗ ಇನ್ನೂ ಮುಗಿದಿರಲಿಲ್ಲ. ಮೊದಲ ಭಾಗಗಳ ಚಿತ್ರಗಳಲ್ಲಿ ಕೆಂಪು, ನೀಲಿ, ಹಳದಿ ತುಂಬಿವೆ. ಕೊನೆಯ ಕಡೆಗೆ ಬಣ್ಣ ಹೋಗಿ ಬರೀ ಗೆರೆ ಉಳಿಯುತ್ತದೆ. ಆ ಪಿಡುಗಿನ ದಿನಗಳೇ ಇದಕ್ಕೆ ಕಾರಣ ಅಂತ ವಿದ್ವಾಂಸರು ಹೇಳುತ್ತಾರೆ. ತೆನೊಚ್ತಿತ್ಲಾನ್ ಬಿದ್ದ ಕಥೆಯಿರುವುದು ಆ ಕೊನೆಯ ಭಾಗದಲ್ಲೇ.

ಈ ಭಾಷೆಯ ಇನ್ನೊಂದು ಸೊಗಸನ್ನು ಕನ್ನಡದವರು ಬೇಗ ಹಿಡಿಯುತ್ತೇವೆ. ನಾವು 'ಹೊಟ್ಟೆಬಟ್ಟೆ' ಅಂದರೆ ಬದುಕು ಸಾಗುವುದು, 'ಮನೆಮಠ' ಅಂದರೆ ಇರುವ ನೆಲೆ. ಎರಡು ಮಾತು ಸೇರಿ ಮೂರನೆಯದೊಂದು ಅರ್ಥ. ನಾಹುವಾತ್ಲ್‌ನಲ್ಲಿ ಇದು ಇನ್ನೂ ಜಾಸ್ತಿ. 'ನೀರು, ಬೆಟ್ಟ' ಅಂದರೆ ಊರು. 'ಕಪ್ಪು ಶಾಯಿ, ಕೆಂಪು ಶಾಯಿ' ಅಂದರೆ ಬರಹ, ಅರಿವು. 'ಹೂವು, ಹಾಡು' ಅಂದರೆ ಕವಿತೆ. ಕವಿತೆಗೆ ಇದಕ್ಕಿಂತ ಒಳ್ಳೆ ಹೆಸರು ನಾನಂತೂ ಕೇಳಿಲ್ಲ. ಗೌರವಕ್ಕೆ, ಅಕ್ಕರೆಗೆ ಹೆಸರಿನ ಕೊನೆಗೆ 'ತ್ಸಿನ್' ಅಂತ ಸೇರಿಸುತ್ತಾರೆ. ನಾವು 'ಅಪ್ಪ', 'ಅಮ್ಮ', 'ಅವರು' ಸೇರಿಸಿದ ಹಾಗೆ.

ಸ್ಪೇನಿನ ಆಳ್ವಿಕೆಯಲ್ಲೂ ಹಳ್ಳಿಗಳು ಉಯಿಲು, ಜಮೀನಿನ ಕಾಗದಗಳನ್ನು ನಾಹುವಾತ್ಲ್‌ನಲ್ಲೇ ಬರೆದುಕೊಂಡವು. 1770ರಲ್ಲಿ ರಾಜಾಜ್ಞೆ ಬಂತು, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಅಳಿಯಲಿ ಅಂತ. ಆದರೂ 1918ರಲ್ಲಿ ಕ್ರಾಂತಿಯ ನಾಯಕ ಸಪಾತಾ ಹಳ್ಳಿಯವರಿಗೆ ಹೊರಡಿಸಿದ ಪ್ರಕಟಣೆಗಳು ನಾಹುವಾತ್ಲ್‌ನಲ್ಲಿದ್ದವು. ಶಾಲೆಗಳಲ್ಲಿ ಮಾತೃಭಾಷೆ ಆಡಿದ್ದಕ್ಕೆ ಪೆಟ್ಟು ತಿಂದ ಮಕ್ಕಳ ನೆನಪು ಅಲ್ಲಿ ಇನ್ನೂ ಮಾಸಿಲ್ಲ. ಎಷ್ಟೋ ತಾಯಂದಿರು ಅದಕ್ಕೇ ಮಕ್ಕಳಿಗೆ ಕಲಿಸುವುದನ್ನು ಬಿಟ್ಟರು. 2003ರ ಕಾನೂನು ನಾಹುವಾತ್ಲ್ ಸೇರಿ ಮೂಲನಿವಾಸಿಗಳ ಭಾಷೆಗಳನ್ನು ದೇಶದ ಭಾಷೆಗಳೆಂದು ಒಪ್ಪಿತು. 2020ರ ಜನಗಣತಿಯಲ್ಲಿ ಸುಮಾರು 16 ಲಕ್ಷದ 50 ಸಾವಿರ ಜನ ನಾಹುವಾತ್ಲ್ ಆಡುವವರು.

ಪುಯೆಬ್ಲಾ ರಾಜ್ಯದ ಬೆಟ್ಟಗಳ ನಡುವೆ ಕ್ವೆತ್ಸಾಲಾನ್ ಅನ್ನುವ ಊರಿದೆ. ಮಳೆ ಜಾಸ್ತಿ, ಕಾಫಿ ಬೆಳೆಯುವ ನಾಡು. ಅಲ್ಲೊಂದು ಬಾನುಲಿ ಕೇಂದ್ರವಿದೆ, ನಾಹುವಾತ್ಲ್‌ನಲ್ಲಿ, ನೆರೆಯ ತೊತೊನಾಕ್ ಭಾಷೆಯಲ್ಲಿ ಪ್ರಸಾರ ಮಾಡುತ್ತದೆ. ಆ ಕಡೆಯವರ ಬಾಯಲ್ಲಿ ಕೊನೆಯ 'ತ್ಲ್' ಬರೀ 'ತ್' ಆಗುತ್ತದೆ, ಭಾಷೆಯ ಹೆಸರೂ ನಾಹುವಾತ್. ನಾವಿಲ್ಲಿ ರಾತ್ರಿಯ ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ, ಮೆಕ್ಕೆಜೋಳದ ರೊಟ್ಟಿಗೆ ಹೆಂಚು ಕಾದಿರುತ್ತದೆ, ರೇಡಿಯೊ ಆ ಮಾತಿನಲ್ಲಿ ಶುರುವಾಗಿರುತ್ತದೆ.

ನಮಸ್ಕಾರ.