ಕೊಲಾಜನ್ ಮತ್ತು ಮುರಿಯುವ ಮೂಳೆ

ಕೇಳುಗರಿಗೆ ನಮಸ್ಕಾರ. ಮೂಳೆ ಎಂದರೆ ಬರೀ ಸುಣ್ಣದಂಶ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಆ ಸುಣ್ಣದಂಶ ನೆಲೆಗೊಳ್ಳುವುದು ಕೊಲಾಜನ್ ಎಂಬ ಪ್ರೋಟೀನಿನ ಹಂದರದ ಮೇಲೆ. ಹಂದರವೇ ಕೆಟ್ಟಿದ್ದರೆ ಎಷ್ಟು ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಮೂಳೆಗೆ ತಾಳಿಕೆ ಬರುವುದಿಲ್ಲ.

ಈ ಪ್ರೋಟೀನಿನ ರಚನೆಯನ್ನು ಬಿಡಿಸಿದ ಕೆಲಸ ನಡೆದದ್ದು ಮದರಾಸಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಕಾಂಗರೂ ಬಾಲದ ರಜ್ಜುವಿಗೆ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆದು, 1954ರಲ್ಲಿ, ಕೊಲಾಜನ್ ಮೂರು ಎಳೆಗಳಿಂದಾದದ್ದೆಂದು ತೋರಿಸಿದರು. ಮರುವರ್ಷ, ಆ ಎಳೆಗಳು ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ ಎಂದು ಆ ಮಾದರಿಯನ್ನು ತಿದ್ದಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಇದೇ ರಾಮಚಂದ್ರನ್.

ಎಳೆಗಳು ಹೀಗೆ ಬಿಗಿಯಾಗಿ ಹೊಸೆದುಕೊಳ್ಳಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲವೇ ಇರಬೇಕು, ಏಕೆಂದರೆ ಎಳೆಗಳ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಅದೊಂದೇ. ಸಾವಿರಕ್ಕೂ ಮಿಕ್ಕ ಅಮೈನೋ ಆಮ್ಲಗಳಿರುವ ಎಳೆಯಲ್ಲಿ ಒಂದೇ ಒಂದು ಗ್ಲೈಸಿನ್ ಬದಲಾಗಿ ಬೇರೊಂದು ಕುಳಿತರೂ ಹೊಸೆತ ಅಲ್ಲಿಯೇ ತಡವರಿಸುತ್ತದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ಮೂಳೆರೋಗದ ತೀವ್ರ ರೂಪಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಇದೇ.

ಇಲ್ಲಿ ವಿಚಿತ್ರವಾದ ಲೆಕ್ಕವೊಂದಿದೆ. ಮೂಳೆಯ ಕೊಲಾಜನ್ನಿನಲ್ಲಿ ಮೊದಲ ಬಗೆಯ ಎಳೆ ಎರಡು, ಎರಡನೆಯ ಬಗೆಯದು ಒಂದು. ಮೊದಲ ಬಗೆಯ ಎಳೆಯನ್ನು ರೂಪಿಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಲಸವನ್ನೇ ನಿಲ್ಲಿಸಿಬಿಟ್ಟರೆ ಕೊಲಾಜನ್ ಅರ್ಧದಷ್ಟೇ ತಯಾರಾಗುತ್ತದೆ, ಆದರೆ ತಯಾರಾದದ್ದೆಲ್ಲ ಒಳ್ಳೆಯದೇ, ರೋಗವೂ ಸೌಮ್ಯ. ಅದೇ ಪ್ರತಿ ದೋಷವಿರುವ ಎಳೆಯನ್ನು ತಯಾರಿಸುತ್ತ ಹೋದರೆ, ಎರಡೂ ಎಳೆಗಳು ಸರಿಯಾಗಿ ಕೂಡುವ ಸಂಭವ ಕಾಲುಭಾಗ ಮಾತ್ರ. ಮುಕ್ಕಾಲು ಪಾಲು ಅಣುಗಳಲ್ಲಿ ದೋಷ ಸೇರಿಕೊಳ್ಳುತ್ತದೆ. ಇಲ್ಲದಿರುವುದಕ್ಕಿಂತ ಕೆಟ್ಟದ್ದು ಇರುವುದೇ ಹೆಚ್ಚು ಹಾನಿ.

ಸೌಮ್ಯ ರೂಪದಲ್ಲಿ ಕಣ್ಣಿನ ಬಿಳಿಭಾಗ ನೀಲಿಛಾಯೆ ತಳೆದಿರುವುದು, ಬಾಲ್ಯದಲ್ಲಿ ಆಗಾಗ ಮೂಳೆ ಮುರಿಯುವುದು, ನಡುವಯಸ್ಸಿಗೆ ಕಿವಿ ಮಂದವಾಗುವುದು ಕಾಣಬಹುದು. ತೀವ್ರ ರೂಪದಲ್ಲಿ, ಬಟ್ಟೆ ಬದಲಿಸಲೆಂದು ಕೂಸಿನ ಕಾಲೆತ್ತಿದರೂ ತೊಡೆಮೂಳೆ ಮುರಿಯಬಹುದು. ಇಂಥ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಕೈಕಾಲು ನೀವಿ ಎರೆಯುವ ನಮ್ಮ ಪದ್ಧತಿಯನ್ನು ಕೈಬಿಡಬೇಕು. ತಲೆ, ಬೆನ್ನು, ಪೃಷ್ಠಗಳಿಗೆ ಅಂಗೈ ಕೊಟ್ಟು ಎತ್ತಬೇಕು. ಕಾರಣ ಗೊತ್ತಿಲ್ಲದವರು ಹೆತ್ತವರೇ ಹೊಡೆದಿರಬೇಕೆಂದು ಸಂಶಯಪಡುವುದೂ ಉಂಟು.

ರೋಗವನ್ನು ಬುಡಸಹಿತ ತೆಗೆಯುವ ಔಷಧ ಇನ್ನೂ ಬಂದಿಲ್ಲ. ಮೂಳೆ ಸವೆಯುವುದನ್ನು ತಡೆಯುವ ಬಿಸ್‌ಫಾಸ್ಫೊನೇಟ್ ಔಷಧಗಳು, ಬಾಗಿದ ಮೂಳೆಯೊಳಗೆ ಲೋಹದ ಸರಳು ಕೂರಿಸುವ ಶಸ್ತ್ರಚಿಕಿತ್ಸೆ, ವ್ಯಾಯಾಮ, ಇವುಗಳಿಂದ ಮಕ್ಕಳು ಎದ್ದು ಓಡಾಡುವಂತಾಗಿದೆ. ಜಾಹೀರಾತಿನ ಕೊಲಾಜನ್ ಪುಡಿಯಿಂದ ಇಲ್ಲಿ ಪ್ರಯೋಜನವಿಲ್ಲ. ತಿಂದದ್ದು ಹೊಟ್ಟೆಯಲ್ಲಿ ಚೂರಾಗುತ್ತದೆ, ಹೊಸ ಎಳೆಯನ್ನು ದೇಹ ಹೆಣೆಯುವುದು ಅದೇ ತಪ್ಪು ಸೂಚನೆಯಂತೆ.

ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಇಬ್ಬರೂ ಆರೋಗ್ಯವಾಗಿದ್ದು ಮಗುವಿಗೆ ಮಾತ್ರ ಬಂದಿದ್ದರೆ ಅದು ಹೊಸದಾಗಿ ಹುಟ್ಟಿದ ದೋಷವಿರಬಹುದು. ಇಲ್ಲವೇ ಇಬ್ಬರಲ್ಲೂ ಅಡಗಿದ್ದ ಬೇರೊಂದು ವಂಶವಾಹಿಯ ದೋಷ ಮಗುವಿನಲ್ಲಿ ಒಟ್ಟುಗೂಡಿರಬಹುದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಮ್ಮಲ್ಲಿ ಈ ಎರಡನೆಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲವಾದ್ದರಿಂದ, ಮುಂದಿನ ಮಗುವಿನ ಬಗ್ಗೆ ಸಲಹೆ ಕೇಳಲು ಬಂದ ದಂಪತಿಯನ್ನು ವೈದ್ಯರು ಸಂಬಂಧದೊಳಗಿನ ಮದುವೆಯೇ ಎಂದು ತಪ್ಪದೆ ವಿಚಾರಿಸುತ್ತಾರೆ.