ಅಂಗಾಲಿನ ಮಚ್ಚೆ
(ಮಂಡ್ಯದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಮೇಡಂ ಅವರಿಗೆ ಮತ್ತು ನನ್ನ ತಮ್ಮ ತಂಗಿಯರಿಗೆ ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಮೂರು ವರ್ಷದ ಹಿಂದೆ ನಿಮ್ಮ ಹಾಗೇ ಇಲ್ಲಿ ಬೆಂಚಿನ ಮೇಲೆ ಕೂತಿದ್ದವಳು. ಆಗ ನನಗೆ 20 ವರ್ಷ. ಬೆನ್ನಿನ ಮೇಲೊಂದು, ಎಡ ಅಂಗಾಲಿನಲ್ಲೊಂದು ಮಚ್ಚೆ ಬದಲಾಗುತ್ತಿತ್ತು. ಗೊತ್ತಿದ್ದೂ ಐದು ತಿಂಗಳು ಡಾಕ್ಟರ ಹತ್ತಿರ ಹೋಗಲಿಲ್ಲ. ನೀವು ಯಾರೂ ಹಾಗೆ ಕಾಲ ಕಳೆಯಬಾರದು ಅಂತಲೇ ಇವತ್ತು ಬಂದಿದ್ದೇನೆ.

ಬೆನ್ನಿನದ್ದನ್ನು ಮೊದಲು ಕಂಡಿದ್ದು ಅಕ್ಕ. ಒಂದು ಮದುವೆಗೆ ಹೊರಡುವಾಗ ರವಿಕೆಯ ಹುಕ್ಕು ಹಾಕುತ್ತಾ, ‘ಇದು ಮೊದಲು ಇಷ್ಟು ದೊಡ್ಡದಿರಲಿಲ್ಲ ಅಲ್ವಾ?’ ಅಂದಳು. ಫೋಟೋ ತೆಗೆದು ತೋರಿಸಿದಳು. ಒಂದು ಕಡೆ ಅಂಚು ಕಲೆಯ ಹಾಗೆ ಹರಡಿತ್ತು. ಕಂದು ಬಣ್ಣದ ನಡುವೆ ಕಪ್ಪು ಸೇರಿತ್ತು. ಅಂಗಾಲಿನದ್ದು ನನ್ನ ಕಣ್ಣಿಗೇ ಬಿತ್ತು, ಗದ್ದೆಯಲ್ಲಿ ಮುಳ್ಳು ಚುಚ್ಚಿ, ಬದುವಿನ ಮೇಲೆ ಕೂತು ತೆಗೆಯುವಾಗ.

ಆಮೇಲೆ ರಾತ್ರಿಯೆಲ್ಲ ಮೊಬೈಲ್. ಹೀಗೆ ಬದಲಾಗುವ ಮಚ್ಚೆ ಕ್ಯಾನ್ಸರ್ ಆಗಿರಬಹುದು, ತೆಗೆಸಿ ಪರೀಕ್ಷೆ ಮಾಡಿಸಬೇಕು ಅಂತ ಓದಿದೆ. ತಲೆಯಲ್ಲಿ ನೂರು ಯೋಚನೆ. ಕತ್ತರಿಸಿದರೆ ನೋಯುತ್ತಾ? ಗಾಯದ ಗುರುತು ಉಳಿದರೆ? ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಬರೆಸಿದ್ದೇ ಬೆನ್ನಿನ ಮಚ್ಚೆ, ಅದೂ ಹೋದರೆ? ಅಜ್ಜಿಯಂತೂ ‘ಅದೃಷ್ಟದ ಮಚ್ಚೆ, ಮುಟ್ಟಬೇಡ ಮಗಾ’ ಅಂದರು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಒಂದು ಮಾತು: ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅನ್ನೋದು. ಇದು ಸುಳ್ಳು. ಮಚ್ಚೆ ತೆಗೆಸಿದ್ದರಿಂದ ಕ್ಯಾನ್ಸರ್ ಹುಟ್ಟುವುದೂ ಇಲ್ಲ, ಹರಡುವುದೂ ಇಲ್ಲ. ತೆಗೆಸಬೇಕಾದ್ದನ್ನು ಹಾಗೇ ಬಿಟ್ಟರೆ ಮಾತ್ರ ಅಪಾಯ.

ಈ ಭಯದಲ್ಲಿ ನಾನು ಅಡ್ಡದಾರಿ ಹುಡುಕಿದೆ. ಪಕ್ಕದ ಮನೆಯವರು ಸುಣ್ಣಕ್ಕೆ ಸೋಪು ಕಲಸಿ ಹಚ್ಚು, ಉದುರಿಹೋಗುತ್ತೆ ಅಂದರು. ಒಂದು ಬ್ಯೂಟಿ ಪಾರ್ಲರ್‌ನಲ್ಲಿ ಹತ್ತು ನಿಮಿಷದಲ್ಲಿ ಸುಟ್ಟುಕೊಡ್ತೀವಿ ಅಂದರು. ನಾನು ಒಪ್ಪಿಯೂ ಬಿಟ್ಟಿದ್ದೆ! ಅಕ್ಕ ಬೈದು ತಡೆದಳು. ಬದಲಾಗುತ್ತಿರುವ ಮಚ್ಚೆಯನ್ನು ಸುಣ್ಣದಿಂದಲೋ ಲೇಸರ್‌ನಿಂದಲೋ ಸುಟ್ಟರೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಮೇಲಿನ ಬಣ್ಣ ಹೋಗುತ್ತದೆ, ಕೆಳಗಿನ ಜೀವಕೋಶಗಳು ಒಳಗೇ ಉಳಿಯಬಹುದು. ಆಗ ಅದು ಏನಾಗಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲೇ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಆದರೂ ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿ ಅಕ್ಕನ ಜೊತೆ ಮೈಸೂರಿಗೆ ಬಸ್ ಹತ್ತಿದೆ. ಅಲ್ಲಿನ ಚರ್ಮದ ಡಾಕ್ಟರಮ್ಮ ಎರಡು ಮಚ್ಚೆ ಮಾತ್ರ ನೋಡಲಿಲ್ಲ. ಬೆಳಕಿರುವ ಒಂದು ಭೂತಗನ್ನಡಿ ಹಿಡಿದು ಅಂಗೈ, ಕಾಲ್ಬೆರಳ ಸಂದು, ಉಗುರು, ತಲೆಗೂದಲ ಬೈತಲೆ ತನಕ ನೋಡಿದರು. ಮಚ್ಚೆಯ ಎರಡು ಅರ್ಧ ಒಂದೇ ಥರ ಇವೆಯಾ, ಅಂಚು ಸಮನಾಗಿದೆಯಾ, ಬಣ್ಣ ಒಂದೇನಾ, ಅಗಲ 6 ಮಿಲಿಮೀಟರ್ ದಾಟಿದೆಯಾ, ಅಂದರೆ ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ. ಇಷ್ಟೂ ನೋಡಿ ಆದಮೇಲೆ, ‘ಬದಲಾಗ್ತಿದೆ ಅಂದೆಯಲ್ಲ, ಅದೇ ದೊಡ್ಡ ಸುಳಿವು’ ಅಂದರು.

ಒಂದು ವಿಷಯ ಕೇಳಿ. ನಿಮ್ಮ ವಯಸ್ಸಿನಲ್ಲಿ ಹೊಸ ಮಚ್ಚೆ ಬರುವುದು, ಇರುವುದು ಸ್ವಲ್ಪ ದೊಡ್ಡದಾಗುವುದು ಮಾಮೂಲು. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ನಮ್ಮ ಜನರಲ್ಲಿ ತುಂಬಾ ಅಪರೂಪ. ಆದರೆ ನಮ್ಮ ಬಣ್ಣದವರಿಗೆ ಬಂದಾಗ ಅದು ಜಾಸ್ತಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಬಿಸಿಲು ಅಷ್ಟಾಗಿ ಬೀಳದ ಜಾಗಗಳು ಅವು. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಅಡಿ ಸಿಕ್ಕಿದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ. ನಾವು ಕನ್ನಡಿಯಲ್ಲಿ ಮುಖ ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತೇವೆ. ಅಂಗಾಲು ನೋಡುವವರು ಯಾರು? ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವ ಅಪ್ಪ ಅಮ್ಮನಿಗೆ ಅಲ್ಲೊಂದು ಕಪ್ಪು ಕಲೆ ಕಂಡರೆ ಆಣಿ ಅಂದುಕೊಂಡು ಸುಮ್ನಿರುತ್ತಾರೆ. ಇವತ್ತು ಮನೆಗೆ ಹೋಗಿ ಅವರ ಪಾದವನ್ನೂ ಒಂದು ಸಲ ನೋಡಿ.

ನೋವಿನ ಬಗ್ಗೆ ಸುಳ್ಳು ಹೇಳಲಾರೆ. ಮರಗಟ್ಟಿಸುವ ಇಂಜೆಕ್ಷನ್ ಬೆನ್ನಿಗೆ ಕೊಟ್ಟಾಗ ಸ್ವಲ್ಪ ಉರಿಯಿತು. ಅಂಗಾಲಿಗೆ ಕೊಟ್ಟಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಒತ್ತಿದ್ದು ಮಾತ್ರ ಗೊತ್ತಾಯಿತು, ಕತ್ತರಿಸಿದ್ದು ಗೊತ್ತಾಗಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು. ಎರಡು ವಾರ ಹೊಲಿಗೆ ಇತ್ತು, ಹಿಮ್ಮಡಿ ಊರಿಕೊಂಡೇ ನಡೆದೆ. ಕಿವಿ ಚುಚ್ಚಿಸಿದ ಜಾಗ ಗಂಟು ಕಟ್ಟಿದವರು ನಿಮ್ಮಲ್ಲಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಗಾಯದ ಗುರುತೂ ಹಾಗೇ ಉಬ್ಬಬಹುದು.

ತೆಗೆದ ಎರಡು ಚೂರುಗಳು ಎರಡು ಪುಟ್ಟ ಡಬ್ಬಿಗಳಲ್ಲಿ ಲ್ಯಾಬಿಗೆ ಹೋದವು. ರಿಪೋರ್ಟ್ ಬರಲು ಎಂಟು ದಿನ. ಕತ್ತರಿಸಿಕೊಂಡದ್ದಕ್ಕಿಂತ ಆ ಎಂಟು ದಿನ ಕಷ್ಟವಾಯಿತು. ಅಜ್ಜಿ ಪಕ್ಕದಲ್ಲೇ ಮಲಗುತ್ತಿದ್ದರು. ಅದೃಷ್ಟದ ಮಾತು ಮತ್ತೆ ಎತ್ತಲಿಲ್ಲ.

ಅಂಗಾಲಿನದ್ದು ಸಾದಾ ಮಚ್ಚೆ. ಬೆನ್ನಿನದ್ದರಲ್ಲಿ ಅಸಹಜ ಜೀವಕೋಶಗಳಿದ್ದವು. ಕ್ಯಾನ್ಸರ್ ಅಲ್ಲ, ಪೂರ್ತಿ ತೆಗೆದಿದ್ದಾರೆ. ಆದರೂ ಆರು ತಿಂಗಳಿಗೊಮ್ಮೆ ತೋರಿಸು ಅಂದಿದ್ದಾರೆ. ಪ್ರತಿ ತಿಂಗಳು ಅಕ್ಕ ಸ್ಕೇಲ್ ಪಕ್ಕದಲ್ಲಿಟ್ಟು ಉಳಿದ ಮಚ್ಚೆಗಳ ಫೋಟೋ ತೆಗೆಯುತ್ತಾಳೆ. ಹೋದ ಭಾನುವಾರದ್ದನ್ನು ಹಳೆಯದರ ಜೊತೆ ಇಟ್ಟು ನೋಡಿದೆವು. ಹಾಗೇ ಇವೆ.

ಎಲ್ಲರ ಮುಂದೆ ಕೇಳಲು ನಾಚಿಕೆಯಾದರೆ ಪರವಾಗಿಲ್ಲ. ಮಧ್ಯಾಹ್ನದ ತನಕ ಮೇಡಂ ಅವರ ರೂಮಿನಲ್ಲೇ ಇರುತ್ತೇನೆ. ಒಬ್ಬರೇ ಹೋಗಲು ಭಯವಾದರೆ ಮಿಮ್ಸ್ ತನಕ ನಾನೂ ಜೊತೆಗೆ ಬರುತ್ತೇನೆ.